ಸಿಲಬಸ್ ಬರೆಯೋದು ಮೇಷ್ಟ್ರಾ, ಸಾಫ್ಟ್‌ವೇರಾ?

ಶಿವಮೊಗ್ಗದ ದುರ್ಗಿಗುಡಿಯಿಂದ ಮಾತಾಡ್ತಾ ಇದ್ದೀನಿ. ಹಿಂದುಗಡೆ ಬೈಕ್ ಹಾರ್ನ್ ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಸಂಜೆ ಆರು ಗಂಟೆಗೆ ಈ ರಸ್ತೇಲಿ ಮೌನ ಅನ್ನೋದು ಕಾಸು ಕೊಟ್ರೂ ಸಿಗಲ್ಲ.

ಇವತ್ತಿನ ವಿಷಯ ಕೇಳಿದ ಕೂಡಲೇ ಕೆಲವರು ಸ್ಕಿಪ್ ಮಾಡಬಹುದು. ಕಾಲೇಜು ಲೆಕ್ಚರರ್‌ಗಳು, ಅವರ ಮುಂದೆ ಬಂದು ಕೂತಿರೋ ಪಠ್ಯಕ್ರಮದ ಸಾಫ್ಟ್‌ವೇರ್‌ಗಳು. ಒಣ ವಿಷಯ, ಒಪ್ಪಿಕೊಳ್ತೀನಿ. ಆದರೆ ನೀವು ಡಿಗ್ರಿ ಓದ್ತಾ ಇದ್ರೆ, ಅಥವಾ ಮನೇಲಿ ತಮ್ಮನೋ ತಂಗಿಯೋ ಓದ್ತಾ ಇದ್ರೆ, ಅವರ ಇಂಟರ್ನಲ್ಸ್, ಅವರ ಕ್ರೆಡಿಟ್, ಅವರ ಮಾರ್ಕ್ಸ್ ಕಾರ್ಡ್ ಎಲ್ಲವೂ ಈಗ ಈ ಸಾಫ್ಟ್‌ವೇರ್ ಒಳಗಿಂದಲೇ ಹಾದು ಬರಬೇಕು. ಆ ಕಡೆ ಕೂತು ಅದನ್ನು ತುಂಬೋದು ಒಬ್ಬ ಲೆಕ್ಚರರ್. ಅವರಿಗೆ ಏನಾಗ್ತಿದೆ ಅಂತ ನಾವು ಕೇಳೋದೇ ಇಲ್ಲ. ಹಾಗಾಗಿ ಕಳೆದ ಕೆಲವು ವಾರ ಶಿವಮೊಗ್ಗ, ಭದ್ರಾವತಿ ಕಡೆಯ ಕೆಲವು ಮೇಷ್ಟ್ರು, ಮೇಡಂಗಳ ಜೊತೆ ಕೂತು ಮಾತಾಡಿದೆ. ಯಾರ ಹೆಸರೂ ಹೇಳಲ್ಲ, ಕಾಲೇಜಿನ ಹೆಸರೂ ಹೇಳಲ್ಲ. ಅದು ಅವರು ಹಾಕಿದ ಕಂಡಿಷನ್.

ಮೊದಲು ಒಂದು ಪ್ರಶ್ನೆ. ಸಿಲಬಸ್ ಅನ್ನೋದು ಎಲ್ಲಿಂದ ಬರುತ್ತೆ?

ನಮಗೆಲ್ಲ ಅದು ದುರ್ಗಿಗುಡಿ ಜೆರಾಕ್ಸ್ ಅಂಗಡೀಲಿ ಸಿಗೋ ನಾಲ್ಕು ಹಾಳೆ. ಅದರ ಹಿಂದೆ ಒಂದು ದಾರಿ ಇದೆ. ವಿಶ್ವವಿದ್ಯಾಲಯದಲ್ಲಿ ಪ್ರತಿ ವಿಷಯಕ್ಕೂ ಅಧ್ಯಯನ ಮಂಡಳಿ ಇರುತ್ತೆ, ಬೋರ್ಡ್ ಆಫ್ ಸ್ಟಡೀಸ್ ಅಂತಾರಲ್ಲ, ಅದು. ಅಲ್ಲಿ ಮೇಷ್ಟ್ರುಗಳು ಕೂತು ಯುನಿಟ್ ಯುನಿಟ್ ಆಗಿ ಬರೀತಾರೆ. ಆಮೇಲೆ ಅದು ನಿಕಾಯಕ್ಕೆ ಹೋಗುತ್ತೆ, ಅಲ್ಲಿಂದ ವಿದ್ಯಾವಿಷಯಕ ಪರಿಷತ್ತಿಗೆ. ಅಲ್ಲಿ ಒಪ್ಪಿಗೆ ಆದ್ಮೇಲೆ ನಿಮ್ಮ ಕೈಗೆ. ನಮ್ಮ ಕಡೆ ಇದೆಲ್ಲ ನಡೆಯೋದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯದಲ್ಲಿ. ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಡಿಗ್ರಿ ಕಾಲೇಜುಗಳು ಇದರ ಕೆಳಗೆ ಬರ್ತವೆ.

ಈ ದಾರಿ ನಿಧಾನ. ನಾನು ಬಿ.ಕಾಂ. ಓದ್ತಾ ಇದ್ದಾಗ, 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಅಲ್ಲಿವರೆಗೆ ವ್ಯಾಟ್, ಸರ್ವಿಸ್ ಟ್ಯಾಕ್ಸ್, ಎಕ್ಸೈಸ್ ಅಂತ ಉರು ಹೊಡೆದಿದ್ದು ಒಂದೇ ರಾತ್ರೀಲಿ ಇತಿಹಾಸ ಆಯ್ತು. ಇಡೀ ದೇಶದ ಕಾಮರ್ಸ್ ಮೇಷ್ಟ್ರುಗಳು ಅವಸರದಲ್ಲಿ ಹೊಸ ಪಾಠ ಕಲಿತು ನಮಗೆ ಹೇಳಿಕೊಟ್ರು. ಮೊನ್ನೆ 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಸ್ಲ್ಯಾಬ್‌ಗಳೇ ಮತ್ತೆ ಬದಲಾದವು. 12 ಮತ್ತು 28 ಪರ್ಸೆಂಟ್ ಹೋಗಿ, ಮುಖ್ಯವಾಗಿ 5 ಮತ್ತು 18 ಉಳಿದವು. ಪ್ರಿಂಟಾಗಿದ್ದ ಪುಸ್ತಕದ ಲೆಕ್ಕಗಳೆಲ್ಲ ಮತ್ತೆ ಹಳತಾದವು.

ಅಂದ್ರೆ ಪಠ್ಯಕ್ರಮವನ್ನು ಬೇಗ ತಿದ್ದೋಕೆ, ಎಲ್ಲ ಕಾಲೇಜಿಗೂ ಒಂದೇ ದಿನ ತಲುಪಿಸೋಕೆ ಒಂದು ಸಾಫ್ಟ್‌ವೇರ್ ಬೇಕು ಅನ್ನೋದರಲ್ಲಿ ತಪ್ಪೇನಿಲ್ಲ. ನಾನು ಮಾತಾಡಿಸಿದವರಲ್ಲಿ ಒಬ್ಬರೂ ಕಂಪ್ಯೂಟರ್ ಬೇಡ ಅನ್ನಲಿಲ್ಲ. ಐವತ್ತೈದು ದಾಟಿದ ಇತಿಹಾಸದ ಮೇಷ್ಟ್ರು ಒಬ್ಬರು ನಕ್ಕು ಹೇಳಿದ್ರು: "ನಾವು ಹೆದರ್ತೀವಿ ಅಂತ ನೀವು ಹುಡುಗ್ರು ಅಂದ್ಕೊಂಡಿದ್ದೀರಿ. ಕಲಿಯೋದು ನಮ್ಮ ಕಸುಬು ಕಣಪ್ಪ. ಕಲಿತು ಮುಗಿಸೋ ಹೊತ್ತಿಗೆ ಅದನ್ನೇ ತೆಗೆದುಬಿಡ್ತಾರಲ್ಲ, ಅದು ಕಷ್ಟ."

ಈ ಮಾತು ಅರ್ಥ ಆಗಬೇಕಾದ್ರೆ ಸ್ವಲ್ಪ ಕ್ಯಾಲೆಂಡರ್ ನೋಡಬೇಕು.

2021ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿ, ಅಂದ್ರೆ ಎನ್‌ಇಪಿ, ಜಾರಿ ಮಾಡಿ ಆದೇಶ ಹೊರಡಿಸ್ತು. ಉನ್ನತ ಶಿಕ್ಷಣದಲ್ಲಿ ಇದನ್ನು ಮೊದಲು ತಂದ ರಾಜ್ಯ ನಮ್ಮದೇ. ಡಿಗ್ರಿಗೆ ನಾಲ್ಕು ವರ್ಷದ ಆನರ್ಸ್ ಆಯ್ಕೆ ಬಂತು. ಓಪನ್ ಎಲೆಕ್ಟಿವ್ ಬಂತು, ಡಿಜಿಟಲ್ ಫ್ಲುಯೆನ್ಸಿ ಥರದ ಕೌಶಲ್ಯದ ಪೇಪರ್ ಬಂತು. ಮಾರ್ಕ್ಸ್ ಹಂಚಿಕೆ 60 ಪರೀಕ್ಷೆಗೆ, 40 ಇಂಟರ್ನಲ್ಸ್‌ಗೆ. ಸಿಲಬಸ್ ಬರೆಯೋ ಕ್ರಮವೂ ಬದಲಾಯ್ತು. ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ವಿಷಯ ತಜ್ಞರ ಸಮಿತಿಗಳನ್ನು ಮಾಡಿ ಮಾದರಿ ಪಠ್ಯಕ್ರಮ ತಯಾರು ಮಾಡಿಸ್ತು. ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಗಳು ಅದನ್ನು ಎದುರಿಗೆ ಇಟ್ಟುಕೊಂಡು ತಮ್ಮದನ್ನು ಹೊಂದಿಸಿಕೊಂಡವು.

ಅದೇ ಹೊತ್ತಿಗೆ ಯುಯುಸಿಎಂಎಸ್ ಬಂತು. ಪೂರ್ತಿ ಹೆಸರು ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆ. ಡಿಗ್ರಿ ವಿದ್ಯಾರ್ಥಿಗಳಿಗೆ ವಿವರಿಸೋದೇ ಬೇಡ, ಫೋನಲ್ಲೇ ಲಾಗಿನ್ ಇರುತ್ತೆ. ಅಡ್ಮಿಷನ್, ಪೇಪರ್ ಆಯ್ಕೆ, ಪರೀಕ್ಷೆ ಅರ್ಜಿ, ಇಂಟರ್ನಲ್ಸ್, ರಿಸಲ್ಟ್ ಎಲ್ಲ ಒಂದೇ ಕಡೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಇಂಥ ಯಾವ ವ್ಯವಸ್ಥೆ ಆದರೂ ನಡೆಯಬೇಕಾದ್ರೆ ಪಠ್ಯಕ್ರಮವನ್ನು ಮೊದಲೇ ಅದರೊಳಗೆ ಕೂರಿಸಬೇಕು. ಯಾವ ಸೆಮಿಸ್ಟರ್‌ಗೆ ಯಾವ ಪೇಪರ್, ಎಷ್ಟು ಕ್ರೆಡಿಟ್, ಎಷ್ಟು ಗಂಟೆ, ಇಂಟರ್ನಲ್ ಗರಿಷ್ಠ ಎಷ್ಟು, ಯಾವುದರ ಜೊತೆ ಯಾವುದು ತಗೋಬಹುದು. ಕಾಗದದ ಕಾಲದಲ್ಲಿ ಏನಾದ್ರೂ ಗೊಂದಲ ಇದ್ರೆ ಪ್ರಿನ್ಸಿಪಾಲರು ಯೂನಿವರ್ಸಿಟಿಗೆ ಫೋನ್ ಮಾಡಿ "ಸಾರ್, ಇದೊಂದು ನೋಡ್ಕೊಳ್ಳಿ" ಅಂದ್ರೆ ಕೆಲಸ ಆಗ್ತಿತ್ತು. ಸಾಫ್ಟ್‌ವೇರ್‌ಗೆ ಆ ದಾಕ್ಷಿಣ್ಯ ಇಲ್ಲ. ಪಟ್ಟೀಲಿ ಇದ್ರೆ ಇದೆ, ಇಲ್ಲದಿದ್ರೆ ಇಲ್ಲ. ಗರಿಷ್ಠ 20 ಅಂತ ಇರೋ ಕಡೆ 21 ಹಾಕೋಕಾಗಲ್ಲ. ಒಂದು ರೀತೀಲಿ ಇದು ಒಳ್ಳೇದೇ, ವಶೀಲಿಗೆ ಜಾಗ ಇಲ್ಲ. ಆದರೆ ಪಟ್ಟಿ ತಯಾರು ಮಾಡುವಾಗ ಯಾರನ್ನು ಕೇಳಿದ್ರು ಅನ್ನೋದು ಅಲ್ಲಿಗೆ ಬಹಳ ಮುಖ್ಯ ಆಗಿಬಿಡುತ್ತೆ.

ಸರಿ, ಮೇಷ್ಟ್ರು ಹೊಸ ಪದ್ಧತಿ ಕಲಿತ್ರು. ಕ್ರೆಡಿಟ್ ಲೆಕ್ಕ ಕಲಿತ್ರು. ನಾನು ಮಾತಾಡಿಸಿದ ಕಾಮರ್ಸ್ ಮೇಡಂ ಒಬ್ಬರಿಗೆ ಡಿಜಿಟಲ್ ಫ್ಲುಯೆನ್ಸಿ ಪೇಪರ್ ಕೂಡ ಕೊಟ್ಟಿದ್ರಂತೆ. ರಾತ್ರಿ ಯೂಟ್ಯೂಬ್ ನೋಡೋದು, ಬೆಳಗ್ಗೆ ಪಾಠ ಮಾಡೋದು. ಎರಡು ವರ್ಷ ಆದ್ಮೇಲೆ ಕೈ ಹತ್ತಿತ್ತು.

2023ರಲ್ಲಿ ಸರ್ಕಾರ ಬದಲಾಯ್ತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು. ಅದರ ಮಧ್ಯಂತರ ವರದಿ ಆಧಾರದ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ ಬಂತು: ಡಿಗ್ರಿ ಮತ್ತೆ ಮೂರು ವರ್ಷ. ಅದೇ ವರ್ಷದ ಅಡ್ಮಿಷನ್‌ನಿಂದಲೇ ಜಾರಿ. ಹೊಸ ಸಿಲಬಸ್, ಹೊಸ ಪೇಪರ್ ಕೋಡ್, ಮಾರ್ಕ್ಸ್ ಹಂಚಿಕೆ ಈಗ 80 ಮತ್ತು 20. ಆದೇಶ ಮೇ ತಿಂಗಳಲ್ಲಿ, ಕ್ಲಾಸ್ ಅದಾದ ಕೆಲವೇ ತಿಂಗಳಿಗೆ. ಆ ಸಂದೀಲಿ ಪ್ರತಿ ವಿಷಯದ ಮಂಡಳಿ ಕೂತು ಮೊದಲ ಸೆಮಿಸ್ಟರ್ ಬರೆದು, ಒಪ್ಪಿಗೆ ತಗೊಂಡು, ಸಾಫ್ಟ್‌ವೇರ್‌ಗೆ ಏರಿಸಬೇಕು.

ಯಾವ ನೀತಿ ಸರಿ, ಯಾವುದು ತಪ್ಪು ಅನ್ನೋ ಚರ್ಚೆ ಇವತ್ತು ಬೇಡ. ಎರಡೂ ಕಡೆಗೆ ವಾದಗಳಿವೆ. ನಾನು ಬರೀ ಲೆಕ್ಕ ಹಾಕ್ತೀನಿ. ಕಾಮರ್ಸ್ ಓದಿದವರಿಗೆ ಅದೊಂದು ಚಟ.

2021-22ರಲ್ಲಿ ಫಸ್ಟ್ ಇಯರ್ ಎನ್‌ಇಪಿ, ಸೆಕೆಂಡ್ ಮತ್ತು ಫೈನಲ್ ಇಯರ್ ಹಳೇ ಪದ್ಧತಿ. 2022-23ರಲ್ಲಿ ಮೊದಲ ಎರಡು ವರ್ಷ ಎನ್‌ಇಪಿ, ಫೈನಲ್ ಇಯರ್ ಹಳೇದು. 2023-24ರಲ್ಲಿ ಮೂರೂ ವರ್ಷ ಎನ್‌ಇಪಿ. 2024-25ರಲ್ಲಿ ಫಸ್ಟ್ ಇಯರ್ ರಾಜ್ಯದ ಹೊಸ ಪದ್ಧತಿ, ಉಳಿದ ಎರಡು ಎನ್‌ಇಪಿ. 2025-26ರಲ್ಲಿ ಎರಡು ವರ್ಷ ಹೊಸದು, ಫೈನಲ್ ಇಯರ್ ಎನ್‌ಇಪಿ.

ಐದು ವರ್ಷದಲ್ಲಿ ಮೂರೂ ಕ್ಲಾಸಿಗೆ ಒಂದೇ ಪದ್ಧತಿ ಇದ್ದಿದ್ದು ಒಂದೇ ಒಂದು ವರ್ಷ, 2023-24. ಅದರ ಮೇಲೆ ರಿಪೀಟರ್ಸ್ ಇದ್ದೇ ಇರ್ತಾರೆ, ಅವರು ಹಳೇ ಸಿಲಬಸ್‌ನಲ್ಲೇ ಬರೀಬೇಕು. ಅಂದ್ರೆ ಒಬ್ಬ ಲೆಕ್ಚರರ್ ಒಂದೇ ವಾರದಲ್ಲಿ ಒಂದು ಕ್ಲಾಸಿಗೆ 40ಕ್ಕೆ ಇಂಟರ್ನಲ್ಸ್ ಕೊಡ್ತಾರೆ, ಪಕ್ಕದ ಕ್ಲಾಸಿಗೆ 20ಕ್ಕೆ. ಇಬ್ಬರಿಗೂ ಪ್ರಶ್ನೆ ಪತ್ರಿಕೆ ಮಾದರಿ ಬೇರೆ. ಕೋಡ್ ಬೇರೆ. ಸಾಫ್ಟ್‌ವೇರ್ ಒಂದೇ, ಆದ್ರೆ ಅದರೊಳಗಿನ ಪ್ರಪಂಚ ಎರಡು. ನಮ್ಮ ಇತಿಹಾಸದ ಮೇಷ್ಟ್ರು ಕಷ್ಟ ಅಂದಿದ್ದು ಇದನ್ನೇ.

ಸಾಫ್ಟ್‌ವೇರ್‌ಗೆ ಹೊಂದ್ಕೊಳ್ಳೋಕೆ ಲೆಕ್ಚರರ್‌ಗಳಿಗೆ ಆಗ್ತಿಲ್ಲ ಅಂತ ಸುಲಭವಾಗಿ ಹೇಳಿಬಿಡ್ತೀವಿ. ನಿಜವಾಗಿ ನೋಡಿದ್ರೆ ನೀತಿಯೇ ಮೂರು ವರ್ಷಕ್ಕೊಮ್ಮೆ ಮಗ್ಗುಲು ಬದಲಿಸ್ತಿದೆ. ಥೋರಟ್ ಆಯೋಗ ತನ್ನ ಪೂರ್ತಿ ವರದಿಯನ್ನು 2025ರ ಆಗಸ್ಟ್‌ನಲ್ಲಿ ಕೊಟ್ಟಾಗಿದೆ. ಮುಂದೆ ಏನಾದ್ರೂ ಬದಲಾದ್ರೆ ಅದನ್ನು ಕ್ಲಾಸ್‌ರೂಮಿಗೆ ಇಳಿಸಬೇಕಾದವರು ಮತ್ತೆ ಇದೇ ಜನ.

ಈಗ ಎಂಜಿನಿಯರಿಂಗ್ ಕಡೆ ಬನ್ನಿ. ಅಲ್ಲಿನ ಕತೆ ಬೇರೆ. ನಮ್ಮ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಟಿಯು ಕೆಳಗೆ ಬರ್ತವೆ. ಅಲ್ಲಿ 2018ರ ಸ್ಕೀಮ್, 2021ರ ಸ್ಕೀಮ್, 2022ರ ಸ್ಕೀಮ್ ಅಂತ ವರ್ಷದ ಹೆಸರಲ್ಲೇ ಸಿಲಬಸ್ ಕರೀತಾರೆ. ಜೊತೆಗೆ ಅಲ್ಲೊಂದು ದೊಡ್ಡ ಶಬ್ದ ಇದೆ: ಔಟ್‌ಕಮ್ ಬೇಸ್ಡ್ ಎಜುಕೇಷನ್, ಓಬಿಇ. 2014ರಲ್ಲಿ ಭಾರತ ವಾಷಿಂಗ್ಟನ್ ಅಕಾರ್ಡ್‌ನ ಪೂರ್ಣ ಸದಸ್ಯ ಆಯ್ತು. ಬೇರೆ ಬೇರೆ ದೇಶಗಳು ಪರಸ್ಪರರ ಎಂಜಿನಿಯರಿಂಗ್ ಡಿಗ್ರಿಯನ್ನು ಒಪ್ಪಿಕೊಳ್ಳೋ ಒಪ್ಪಂದ ಅದು. ಅದರಿಂದ ಎನ್‌ಬಿಎ ಮಾನ್ಯತೆ ಬೇಕಾದ ಕೋರ್ಸ್‌ಗಳು ಬರೀ ಏನು ಕಲಿಸಿದ್ವಿ ಅಂತ ಹೇಳಿದ್ರೆ ಸಾಲದು. ವಿದ್ಯಾರ್ಥಿ ಏನು ಕಲಿತ ಅಂತ ಅಳೆದು ತೋರಿಸಬೇಕು.

ಅಳೆಯೋದು ಹೇಗೆ? ಪ್ರತಿ ವಿಷಯಕ್ಕೂ ಐದಾರು ಕೋರ್ಸ್ ಔಟ್‌ಕಮ್ ಬರೀಬೇಕು. ಈ ವಿಷಯ ಓದಿದವನಿಗೆ ಇಷ್ಟು ಬರಬೇಕು ಅನ್ನೋ ವಾಕ್ಯಗಳು. ಅದರ ಜೊತೆ ಇಡೀ ಡಿಗ್ರಿಗೆ ಪ್ರೋಗ್ರಾಂ ಔಟ್‌ಕಮ್ ಇರ್ತವೆ. ಎನ್‌ಬಿಎಯ ಹಳೇ ಪಟ್ಟೀಲಿ ಅವು 12. ಐದು ಸಾಲು, 12 ಕಾಲಂ, ಒಟ್ಟು 60 ಮನೆ. ಪ್ರತಿ ಮನೇಲೂ ಸಂಬಂಧ ಎಷ್ಟು ಗಟ್ಟಿ ಅಂತ 1, 2, 3 ಅಥವಾ ಒಂದು ಗೆರೆ ಹಾಕಬೇಕು. ಆಮೇಲೆ ಟೆಸ್ಟಿನ ಪ್ರತಿ ಪ್ರಶ್ನೆ ಯಾವ ಔಟ್‌ಕಮ್‌ಗೆ ಸೇರುತ್ತೆ, ಬ್ಲೂಮ್ಸ್ ಟ್ಯಾಕ್ಸಾನಮಿಯ ಯಾವ ಹಂತ ಅಂತ ಗುರುತಿಸಬೇಕು. ನೆನಪಿಟ್ಟುಕೊಳ್ಳೋದರಿಂದ ಶುರುವಾಗಿ ಹೊಸದನ್ನು ಸೃಷ್ಟಿಸೋವರೆಗೆ ಆರು ಮೆಟ್ಟಿಲು ಅವು. ಕೊನೆಗೆ ಪ್ರತಿ ಹುಡುಗನ ಪ್ರತಿ ಪ್ರಶ್ನೆಯ ಮಾರ್ಕ್ಸ್ ಹಾಕಿದ್ರೆ ಸಾಫ್ಟ್‌ವೇರ್ ಒಂದು ಸಂಖ್ಯೆ ಕೊಡುತ್ತೆ: ಈ ಔಟ್‌ಕಮ್ ಇಷ್ಟು ಸಾಧನೆ ಆಗಿದೆ ಅಂತ.

ಐಡಿಯಾ ಚೆನ್ನಾಗಿದೆ, ನಿಜವಾಗಿ ಚೆನ್ನಾಗಿದೆ. ಎಂಜಿನಿಯರಿಂಗ್ ಪಾಠ ಮಾಡೋ ನನ್ನ ಫ್ರೆಂಡ್ ಒಬ್ಬಳು ಹೇಳಿದ್ದು ಕೇಳಿ. ಒಂದು ಸೆಮಿಸ್ಟರ್ ಅವಳ ಮೂರನೇ ಔಟ್‌ಕಮ್ ಮಾತ್ರ ಕೆಳಗೆ ಬಂತಂತೆ. ಕೂತು ನೋಡಿದ್ರೆ ಹುಡುಗರು ಸೂತ್ರ ಬರೀತಾರೆ, ಲೆಕ್ಕ ಬದಲಿಸಿ ಕೊಟ್ರೆ ನಿಲ್ತಾರೆ. ಮುಂದಿನ ಬ್ಯಾಚ್‌ಗೆ ಆ ಯುನಿಟ್ ಅನ್ನು ಬೋರ್ಡ್ ಮೇಲೆ ಮಾಡೋದು ಬಿಟ್ಟು ಲ್ಯಾಬಿನಲ್ಲಿ ಮಾಡಿದಳು. "ಆ ಸಂಖ್ಯೆ ಇಲ್ಲದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ ಮಾರಾಯ" ಅಂದಳು.

ಆದ್ರೆ ಅದೇ ಫ್ರೆಂಡ್ ಇನ್ನೊಂದು ಮಾತೂ ಹೇಳಿದಳು. ಮಾನ್ಯತೆ ತಂಡ ಬರೋ ವರ್ಷ ಸಂಖ್ಯೆ ಕೆಳಗೆ ಬರೋ ಹಾಗಿಲ್ಲ ಅನ್ನೋ ಒತ್ತಡ ಇರುತ್ತೆ. ಆಗ ಎಲ್ಲರೂ ಗುರಿಯನ್ನೇ ತಗ್ಗಿಸ್ತಾರೆ, ಪ್ರಶ್ನೆ ಸುಲಭ ಮಾಡ್ತಾರೆ. ಔಟ್‌ಕಮ್ ವಾಕ್ಯಗಳನ್ನು ಈಗ ಚಾಟ್‌ಜಿಪಿಟಿ ಹತ್ರ ಬರೆಸ್ತಾರೆ. ಹತ್ತು ವಿಷಯದ ಹತ್ತು ಜನ ಬರೆದಿದ್ದು ಓದಿದ್ರೆ ಒಬ್ಬರೇ ಬರೆದ ಹಾಗಿರುತ್ತೆ. ಜ್ವರ ನೋಡೋಕೆ ಅಂತ ತಂದ ಥರ್ಮಾಮೀಟರ್‌ನ ತಣ್ಣೀರಲ್ಲಿ ಅದ್ದಿ ತೋರಿಸಿದ ಹಾಗೆ ಆಯ್ತು. ಥರ್ಮಾಮೀಟರ್ ಕೆಟ್ಟಿಲ್ಲ. ಜ್ವರ ಇದೆ ಅಂತ ಹೇಳೋಕೆ ಮೇಷ್ಟ್ರಿಗೆ ಧೈರ್ಯ ಬರೋ ವಾತಾವರಣ ಇಲ್ಲ.

ಇನ್ನು ಈ ಎಲ್ಲ ಕೆಲಸ ಯಾರ ಹೆಗಲಿಗೆ ಬೀಳುತ್ತೆ ಅನ್ನೋ ವಿಷಯ. ನನಗೆ ಹೆಚ್ಚು ಬೇಜಾರಾಗಿದ್ದು ಇಲ್ಲಿ.

ನಮ್ಮ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೀತಿರೋದೇ ಅತಿಥಿ ಉಪನ್ಯಾಸಕರಿಂದ. ಹತ್ತು ಸಾವಿರಕ್ಕೂ ಹೆಚ್ಚು ಜನ ಇದ್ದಾರೆ. 2022ರ ಜನವರಿಯಲ್ಲಿ, ದೊಡ್ಡ ಹೋರಾಟದ ನಂತರ, ಅವರ ಗೌರವಧನವನ್ನು ಗರಿಷ್ಠ 32 ಸಾವಿರದವರೆಗೆ ಏರಿಸಿದ್ರು. ಜೊತೆಗೆ ವಾರದ ಕೆಲಸವನ್ನು 15 ಗಂಟೆಗೆ ಹೆಚ್ಚಿಸಿದ್ರು. ಸೇವಾ ಭದ್ರತೆ ಬೇಕು ಅಂತ 2023ರ ಕೊನೆಗೆ ಮತ್ತೆ ಬೀದಿಗಿಳಿದ್ರು.

ಆ 15 ಗಂಟೆ ಅಂದ್ರೆ ಪಾಠದ ಗಂಟೆ. ಕಂಪ್ಯೂಟರ್ ಮುಂದೆ ಕೂರೋ ಗಂಟೆ ಅದರಲ್ಲಿ ಇಲ್ಲ. ಭದ್ರಾವತಿ ಕಡೆಯ ಒಬ್ಬ ಅತಿಥಿ ಉಪನ್ಯಾಸಕರು ಹೇಳಿದ ಲೆಕ್ಕ ಇದು. ಅವರಿಗೆ ನಾಲ್ಕು ಪೇಪರ್, ಎಲ್ಲ ಸೇರಿ ಸುಮಾರು ಇನ್ನೂರು ವಿದ್ಯಾರ್ಥಿಗಳು. ಎರಡು ಟೆಸ್ಟ್, ಒಂದು ಅಸೈನ್‌ಮೆಂಟ್, ಹಾಜರಿ. ಎಲ್ಲವನ್ನೂ ಮೊದಲು ಪುಸ್ತಕದಲ್ಲಿ ಬರೀತಾರೆ, ಆಮೇಲೆ ಎಕ್ಸೆಲ್, ಆಮೇಲೆ ಪೋರ್ಟಲ್. ಮೂರು ಸಲ ಯಾಕೆ ಅಂತ ಕೇಳಿದೆ. ಪುಸ್ತಕ ತಪಾಸಣೆಗೆ, ಎಕ್ಸೆಲ್ ಆಫೀಸಿಗೆ, ಪೋರ್ಟಲ್ ಯೂನಿವರ್ಸಿಟಿಗೆ. ಸಾಫ್ಟ್‌ವೇರ್ ಬಂದ್ಮೇಲೆ ಕಾಗದ ಹೋಗಬೇಕಿತ್ತಲ್ವಾ? ಹೋಗಲಿಲ್ಲ. ಕಾಗದದ ಮೇಲೆ ಸಾಫ್ಟ್‌ವೇರ್ ಬಂದು ಕೂತಿದೆ, ಅಷ್ಟೇ.

ಮುಂದಿನ ವರ್ಷ ಅವರು ಅದೇ ಕಾಲೇಜಲ್ಲಿ ಇರ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ಮೂರು ವರ್ಷದಲ್ಲಿ ಕಲಿತಿದ್ದೆಲ್ಲ ಅವರ ತಲೇಲಿ, ಅವರ ವಾಟ್ಸ್ಆ್ಯಪ್‌ನಲ್ಲಿ ಇರುತ್ತೆ. ಅವರು ಹೋದ ದಿನ ಅದೂ ಹೋಗುತ್ತೆ. ಹೊಸಬರು ಬಂದು ಮತ್ತೆ ಶುರುವಿಂದ. ಅಧ್ಯಯನ ಮಂಡಳೀಲಿ ಕೂತು ಸಿಲಬಸ್ ಬಗ್ಗೆ ಮಾತಾಡೋಕೆ ಅವರನ್ನು ಕರೆಯೋದು ಅಪರೂಪ. ಅಂದ್ರೆ ಕ್ಲಾಸಲ್ಲಿ ಯಾವ ಪಾಠ ಓಡುತ್ತೆ, ಯಾವುದು ಓಡಲ್ಲ ಅಂತ ಹೆಚ್ಚು ಗೊತ್ತಿರೋರು ಡೇಟಾ ತುಂಬ್ತಾರೆ. ಪಠ್ಯಕ್ರಮ ತಿದ್ದೋ ಜಾಗದಲ್ಲಿ ಅವರಿಗೆ ಕುರ್ಚಿ ಇಲ್ಲ.

ಹಾಗಂತ ಇವರು ಕೈಕಟ್ಟಿ ಕೂತಿಲ್ಲ. ಕೇಳಿ ಖುಷಿಯಾಗಿದ್ದೂ ಇದೆ. ಸರ್ಕಾರದ ತರಬೇತಿ ಬರೋ ಮೊದಲೇ ಇವರದ್ದೇ ವಾಟ್ಸ್ಆ್ಯಪ್ ಗುಂಪುಗಳು ಹುಟ್ಟಿವೆ. ಕಂಪ್ಯೂಟರ್ ಸೈನ್ಸ್ ಮೇಡಂ ಒಬ್ಬರು ಸ್ಕ್ರೀನ್ ರೆಕಾರ್ಡ್ ಮಾಡಿ, ಮೇಲೆ ಕನ್ನಡದಲ್ಲಿ ಮಾತಾಡಿ, ನಾಲ್ಕು ನಿಮಿಷದ ವಿಡಿಯೋ ಹಾಕ್ತಾರೆ. "ಇಲ್ಲಿ ಒತ್ತಿ, ಇದನ್ನು ಸೇವ್ ಮಾಡಿ, ಸಬ್ಮಿಟ್ ಈಗಲೇ ಒತ್ತಬೇಡಿ." ನಿವೃತ್ತಿ ಹತ್ತಿರ ಇರೋ ಮೇಷ್ಟ್ರು ಅದನ್ನು ನೋಡಿ ಕಲಿತಿದ್ದಾರೆ. ಪ್ರತಿಯಾಗಿ ಕಿರಿಯರು ಪ್ರಶ್ನೆ ಪತ್ರಿಕೆ ತೆಗೆಯೋದು ಹೇಗೆ ಅಂತ ಆ ಹಿರಿಯರ ಹತ್ರ ಕಲೀತಾರೆ. ಕೊಡು ಕೊಳ್ಳುವಿಕೆ.

ಅನುಕೂಲಗಳನ್ನೂ ಹೇಳದೆ ಇದ್ರೆ ಅನ್ಯಾಯ ಆಗುತ್ತೆ. ಶೃಂಗೇರಿಯಲ್ಲೋ ಮೂಡಿಗೆರೆಯಲ್ಲೋ ಓದೋ ಹುಡುಗಿ ಹೆಸರಿನ ಒಂದು ಅಕ್ಷರ ತಿದ್ದಿಸೋಕೆ ಘಾಟಿ ಇಳಿದು ಹತ್ತಿ, ಬಸ್ ಬದಲಿಸಿ ಶಂಕರಘಟ್ಟಕ್ಕೆ ಬರಬೇಕಿತ್ತು. ಒಂದು ದಿನ ಪೂರ್ತಿ. ಊಟದ ಹೊತ್ತಿಗೆ ಬಂದ್ರೆ ಎರಡು ದಿನ. ಈಗ ಅರ್ಜಿ ಫೋನಲ್ಲಿ ಹೋಗುತ್ತೆ, ಮಾರ್ಕ್ಸ್ ಕಾರ್ಡ್ ಡಿಜಿಲಾಕರ್‌ನಲ್ಲಿ ಸಿಗುತ್ತೆ. ಕ್ರೆಡಿಟ್‌ಗಳು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಗೆ ಸೇರುತ್ತೆ. ಇದನ್ನು ವಾಪಸ್ ತಗೊಳ್ಳಿ ಅಂತ ಯಾರೂ ಹೇಳಲ್ಲ, ನಾನೂ ಹೇಳಲ್ಲ.

ನಾನು ಕೇಳಿದ ಎಲ್ಲರ ಮಾತನ್ನೂ ಸೇರಿಸಿದ್ರೆ ಮೂರು ಬೇಡಿಕೆ ನಿಲ್ಲುತ್ತೆ.

ಒಂದು, ಸಮಯ. ಎಂಟ್ರಿ ಮಾಡೋದೂ ಕೆಲಸ ಅಂತ ಲೆಕ್ಕಕ್ಕೆ ತಗೊಳ್ಳಿ. ವಾರಕ್ಕೆ ಎರಡು ಗಂಟೆ ವೇಳಾಪಟ್ಟೀಲೇ ಬರಲಿ, ಅತಿಥಿ ಉಪನ್ಯಾಸಕರಿಗೂ.

ಎರಡು, ಒಂದೇ ಸಲ. ಪೋರ್ಟಲ್‌ಗೆ ಹಾಕಿದ್ಮೇಲೆ ಅದನ್ನೇ ಪ್ರಿಂಟ್ ತೆಗೆದು ತಪಾಸಣೆಗೆ ಒಪ್ಪಿಕೊಳ್ಳಿ. ಪುಸ್ತಕ, ಎಕ್ಸೆಲ್, ಪೋರ್ಟಲ್ ಅಂತ ಮೂರು ಸಲ ಬೇಡ.

ಮೂರು, ಕುರ್ಚಿ. ಸಿಲಬಸ್ ತಿದ್ದುವಾಗ ಪಾಠ ಮಾಡಿದವರ ಅಭಿಪ್ರಾಯ ಕೇಳೋಕೆ ಅದೇ ಸಾಫ್ಟ್‌ವೇರ್‌ನಲ್ಲಿ ಒಂದು ಜಾಗ ಇರಲಿ. ಈ ಯುನಿಟ್‌ಗೆ ಹತ್ತು ಗಂಟೆ ಕೊಟ್ಟಿದ್ದೀರಿ, ಹದಿನಾಲ್ಕು ಬೇಕಾಯ್ತು. ಈ ಪಾಠದ ಜಿಎಸ್‌ಟಿ ದರ ಹಳೇದು. ಇಷ್ಟು ಬರೆದು ಕಳಿಸೋಕೆ ದೊಡ್ಡ ತಂತ್ರಜ್ಞಾನ ಏನೂ ಬೇಡ. ಒಂದು ಖಾಲಿ ಬಾಕ್ಸ್ ಸಾಕು, ಮತ್ತೆ ಅದನ್ನು ಓದೋ ಒಬ್ಬ ಮನುಷ್ಯ.

ವಿದ್ಯಾರ್ಥಿಗಳಿಗೂ ಎರಡು ಮಾತು. ಸೆಮಿಸ್ಟರ್ ಶುರುವಾದ ಕೂಡಲೇ ನಿಮ್ಮ ಲಾಗಿನ್‌ನಲ್ಲಿ ಪೇಪರ್‌ಗಳ ಪಟ್ಟಿ ನೋಡಿ. ನೀವು ಕ್ಲಾಸಲ್ಲಿ ಕೂರೋ ಪೇಪರ್ರೂ ಅಲ್ಲಿ ಇರೋ ಪೇಪರ್ರೂ ಒಂದೇನಾ? ಹೆಸರು, ಹುಟ್ಟಿದ ದಿನಾಂಕ ಆಧಾರ್‌ನಲ್ಲಿ ಇರೋ ಹಾಗೇ ಇದೆಯಾ? ವ್ಯತ್ಯಾಸ ಇದ್ರೆ ಅವತ್ತೇ ಕಾಲೇಜಿಗೆ ಬರೆದುಕೊಡಿ, ಒಂದು ಕಾಪಿ ಇಟ್ಕೊಳ್ಳಿ. ರಿಸಲ್ಟ್ ಬಂದ್ಮೇಲೆ ತಿದ್ದಿಸೋದು ನಿಮಗೂ ಕಷ್ಟ, ಮೇಷ್ಟ್ರಿಗೂ ಕಷ್ಟ. ಎರಡನೇದು, ಇಂಟರ್ನಲ್ಸ್ ಕಳಿಸೋ ಮೊದಲು ತೋರಿಸಿ ಅಂತ ಕೇಳಿ. ಇದು ಅಹಂಕಾರ ಅಲ್ಲ. ಇನ್ನೂರು ಜನರ ಅಂಕಿ ತುಂಬೋ ಕೈಗೆ ನಿಮ್ಮ ಎರಡು ಕಣ್ಣು ಸಹಾಯ ಅಷ್ಟೇ.

ಕೇಳ್ತಾ ಇರೋರಲ್ಲಿ ಲೆಕ್ಚರರ್‌ಗಳು ಇದ್ರೆ, ನಿಮ್ಮ ಕಾಲೇಜಿನ ಅನುಭವ ಒಂದು ವಾಯ್ಸ್ ನೋಟ್ ಕಳಿಸಿ. ಹೆಸರು ಬೇಡ ಅಂದ್ರೆ ಬೇಡ. ಅದರಲ್ಲಿ ಆಯ್ದಿದ್ದನ್ನು ಮುಂದಿನ ಎಪಿಸೋಡ್‌ನಲ್ಲಿ ಓದ್ತೀನಿ. ಅಧ್ಯಯನ ಮಂಡಳೀಲಿ ಇರೋ ಹಿರಿಯರು ಯಾರಾದ್ರೂ ಮಾತಾಡೋಕೆ ಸಿದ್ಧ ಇದ್ರೆ ಇನ್ನೂ ಸಂತೋಷ, ಆ ಕಡೆಯ ಕಷ್ಟವನ್ನೂ ಕೇಳೋಣ.